ಎಂಟರ್‌ಪ್ರೈಸ್ ಬಾಹ್ಯಾಕಾಶಕ್ಕೆ ಹೋಗಿಲ್ಲ, ನನ್ನ ಮೆಸೇಜ್ ತಪ್ಪು

ಮೊನ್ನೆ ನಾನೇ ಗ್ರೂಪಲ್ಲಿ ಹಾಕಿದ್ದ ಮೆಸೇಜು ಈಗ ಎಲ್ಲಾ ಕಡೆ ಓಡಾಡ್ತಿದೆ, 'ಸ್ಟಾರ್ ಟ್ರೆಕ್ ನೌಕೆಯ ಹೆಸರಿಟ್ಟ ಎಂಟರ್‌ಪ್ರೈಸ್ ಶಟಲ್ಲೇ ಮೊದಲು ಬಾಹ್ಯಾಕಾಶಕ್ಕೆ ಹೋಗಿದ್ದು' ಅಂತ. ಅದು ತಪ್ಪು. ಎಂಟರ್‌ಪ್ರೈಸ್ ಅನ್ನೋದು ನಾಸಾದ ಸ್ಪೇಸ್ ಶಟಲ್, ಅಂದ್ರೆ ವಿಮಾನದ ಥರ ವಾಪಸ್ ಇಳಿಯೋ ಬಾಹ್ಯಾಕಾಶ ನೌಕೆ. ಹೆಸರಿನ ಕಥೆ ನಿಜ, 1976ರಲ್ಲಿ ಕಾನ್‌ಸ್ಟಿಟ್ಯೂಷನ್ ಅಂತ ಇಡಬೇಕಿದ್ದನ್ನ ಸ್ಟಾರ್ ಟ್ರೆಕ್ ಟಿವಿ ಸೀರಿಯಲ್ ಫ್ಯಾನ್‌ಗಳು ರಾಶಿ ರಾಶಿ ಪತ್ರ ಬರೆದು ಬದಲಾಯಿಸಿದ್ರು, ಆದ್ರೆ ಅದು ಬಾಹ್ಯಾಕಾಶಕ್ಕೆ ಹೋಗೇ ಇಲ್ಲ. ಅದಕ್ಕೆ ಕೆಲಸ ಮಾಡೋ ಎಂಜಿನ್ನೇ ಇರ್ಲಿಲ್ಲ, ಶಾಖ ತಡೆಯೋ ಟೈಲ್ಸ್ ಜಾಗದಲ್ಲಿ ನೋಡೋಕೆ ಹಾಗೇ ಕಾಣೋ ಫೋಮ್ ಅಂಟಿಸಿದ್ರು (ಥೇಟ್ ಸಿನಿಮಾ ಸೆಟ್ಟು!). 1977ರಲ್ಲಿ ಬೋಯಿಂಗ್ 747 ಬೆನ್ನ ಮೇಲೆ ಕೂರಿಸ್ಕೊಂಡು ಹೋಗಿ ಐದು ಸಲ ಮೇಲಿಂದ ಬಿಟ್ಟು ಲ್ಯಾಂಡಿಂಗ್ ಟೆಸ್ಟ್ ಮಾಡಿದ್ರು, ಅಷ್ಟೇ. ಮೊದಲು ಬಾಹ್ಯಾಕಾಶಕ್ಕೆ ಹೋದ ಶಟಲ್ ಕೊಲಂಬಿಯಾ, 1981 ಏಪ್ರಿಲ್ 12ಕ್ಕೆ. ನಾಸಾ ದಾಖಲೆಯಲ್ಲೇ ಇದೆ. ಹಳೇ ಮೆಸೇಜ್ ಇನ್ನು ಫಾರ್ವರ್ಡ್ ಮಾಡ್ಬೇಡಿ, ಆಗ್ಲೇ ಕಳ್ಸಿದ್ರೆ ಅವ್ರಿಗೆ ಇದನ್ನೂ ಕಳ್ಸಿ.