ಸ್ವಾತಂತ್ರ್ಯ ತಂದದ್ದು ಅಹಿಂಸೆಯ ನಾಯಕತ್ವವೇ?

ಪರ

ಸತ್ಯಾಗ್ರಹ ಎಂದರೆ ಕೈಕಟ್ಟಿ ಏಟು ತಿನ್ನುವುದು ಎಂದುಕೊಂಡವರು ದಂಡಿ ಯಾತ್ರೆಯ ತಯಾರಿಯನ್ನು ಒಮ್ಮೆ ನೋಡಬೇಕು. 1930ರ ಮಾರ್ಚ್ 2ರಂದೇ ವೈಸ್‌ರಾಯ್ ಇರ್ವಿನ್‌ಗೆ ಕಾಗದ ಹೋಯಿತು: ಉಪ್ಪಿನ ಕಾನೂನು ಮುರಿಯುತ್ತೇನೆ ಎಂದು. ಮಾರ್ಚ್ 12ಕ್ಕೆ ಗಾಂಧೀಜಿಯ ಜೊತೆ ಹೊರಟವರು ಆಯ್ದ 78 ಜನ. ದಾರಿ ಸುಮಾರು 385 ಕಿ.ಮೀ., 24 ದಿನ. ಅವರಿಗಿಂತ ಮುಂದೆ ಗುಜರಾತ್ ವಿದ್ಯಾಪೀಠದ ಹುಡುಗರ ತುಕಡಿಯೊಂದು ಊರೂರಿಗೆ ಹೋಗಿ ಜನ ಎಷ್ಟು, ಚರಕ ಎಷ್ಟು, ಕಂದಾಯ ಎಷ್ಟು, ಉಪ್ಪು ಎಷ್ಟು ಖರ್ಚಾಗುತ್ತದೆ ಎಂದು ಬರೆದುಕೊಳ್ಳುತ್ತಿತ್ತು. ಗಾಂಧೀಜಿ ಭಾಷಣದಲ್ಲಿ ಆ ಊರಿನವರಿಗೆ ಆ ಊರಿನ ಲೆಕ್ಕವನ್ನೇ ಒಪ್ಪಿಸುತ್ತಿದ್ದರು.

ಉಪ್ಪನ್ನೇ ಯಾಕೆ ಆರಿಸಿದರು? ಕೂಲಿಯವನೂ ತೆರುತ್ತಿದ್ದ ತೆರಿಗೆ ಅದು. ಮುರಿಯಲು ಬೇಕಿದ್ದದ್ದು ಒಂದು ಬಾಣಲೆ, ಸೌದೆ, ಸಮುದ್ರದ ನೀರು. ಹಿಡಿದರೆ ಸರ್ಕಾರ ನಗೆಪಾಟಲು, ಬಿಟ್ಟರೆ ಕಾನೂನು ನಗೆಪಾಟಲು. ಗಾಂಧೀಜಿ ಬಂಧನವಾದರೆ ಅಬ್ಬಾಸ್ ತ್ಯಾಬ್ಜಿ, ಅವರೂ ಒಳಗೆ ಹೋದರೆ ಸರೋಜಿನಿ ನಾಯ್ಡು ಎಂಬ ಸರದಿಯೂ ತಯಾರಿತ್ತು. ಹಾಗಾಗಿಯೇ ಮೇ 21ರಂದು ಗುಜರಾತಿನ ಧರಾಸಣದ ಉಪ್ಪಿನ ಕೊಠಾರದೆದುರು ಲಾಠಿಗೆ ತಲೆಯೊಡ್ಡಿದವರ ಸಾಲು ಚದುರಲಿಲ್ಲ. ನಮ್ಮ ಕರಾವಳಿಯಲ್ಲಿ ಏಪ್ರಿಲ್ 13ರಂದೇ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದಿತ್ತು.

ಮೈಸೂರು ಸಂಸ್ಥಾನಕ್ಕೆ ಕಡಲಿಲ್ಲ, ಇಲ್ಲಿ ಉಪ್ಪಿನ ಆಟ ನಡೆಯದು. ಅದಕ್ಕೇ ಇಲ್ಲಿ ಕಾಂಗ್ರೆಸ್ ಬಾವುಟ ಏರಿಸುವುದೇ ಸತ್ಯಾಗ್ರಹವಾಯಿತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧ ಮೀರಿ ಕಾಂಗ್ರೆಸ್ ಮುಖಂಡ ಟಿ. ಸಿದ್ದಲಿಂಗಯ್ಯನವರು ಆ ಧ್ವಜ ಏರಿಸಿ ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಕೊನೆಗೆ ದಿವಾನ್ ಮಿರ್ಜಾ ಇಸ್ಮಾಯಿಲ್ ಸರ್ಕಾರ ಮಾತುಕತೆಗೆ ಬಂತು. ಸಂಸ್ಥಾನದ ಬಾವುಟದ ಪಕ್ಕದಲ್ಲಿ ಕಾಂಗ್ರೆಸ್ ಬಾವುಟಕ್ಕೂ ಜಾಗ ಸಿಕ್ಕಿತು. ಬಂದೂಕಿಗೆ ಬಂದೂಕು ಎತ್ತಿದ್ದರೆ ಹಳ್ಳಿಯವರು ಒಂದು ವಾರವೂ ನಿಲ್ಲುತ್ತಿರಲಿಲ್ಲ. ಸಂಸ್ಥಾನದ ಬಳಿ ಸೈನ್ಯವಿತ್ತು, ಬೆಂಗಳೂರಿನ ದಂಡು ಪ್ರದೇಶದಲ್ಲಿ (ಕಂಟೋನ್ಮೆಂಟ್) ಬ್ರಿಟಿಷರದೂ ಇತ್ತು.

ವಿರೋಧ

ತಯಾರಿಯನ್ನು ಅಲ್ಲಗಳೆಯುವುದಿಲ್ಲ. ಪ್ರಶ್ನೆ ಇರುವುದು 'ನಾಯಕತ್ವ' ಎಂಬ ಪದದಲ್ಲಿ.

ಕ್ವಿಟ್ ಇಂಡಿಯಾ ಕರೆ ಹೊರಟ ಮರುದಿನ, 1942ರ ಆಗಸ್ಟ್ 9ರ ಬೆಳಗಾಗುವಷ್ಟರಲ್ಲಿ ದೊಡ್ಡ ನಾಯಕರೆಲ್ಲ ಜೈಲಿನಲ್ಲಿದ್ದರು. ಸರದಿ ಪಟ್ಟಿ ಉಪಯೋಗಕ್ಕೆ ಬರಲಿಲ್ಲ. ಒಂದೇ ದಿನ ಎಲ್ಲರನ್ನೂ ಎತ್ತಿಕೊಂಡು ಹೋದರೆ ಸರದಿ ಎಲ್ಲಿಯದು? ಚಳವಳಿ ನಿಂತಿತೇ? ಬೆಂಗಳೂರಿನಲ್ಲಿ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು, ವಿದ್ಯಾರ್ಥಿಗಳು ಬೀದಿಗಿಳಿದರು. ಮೈಸೂರು ಬ್ಯಾಂಕ್ ವೃತ್ತದಲ್ಲಿ ದಿನವೂ ಸಾವಿರಾರು ಗಾಡಿಗಳು ಸುತ್ತುಹಾಕುವ ಕಡೆಯೇ ಆಗ ಪೊಲೀಸರ ಗುಂಡೇಟಿಗೆ ಬಲಿಯಾದವರ ಸ್ಮಾರಕವಿದೆ. ಸಿಗ್ನಲ್ ಕೆಂಪಾದಾಗಲೂ ಅದರತ್ತ ಯಾರ ಕಣ್ಣೂ ಹೋಗುವುದಿಲ್ಲ, ಅದು ಬೇರೆ ಮಾತು. ತಂತಿ ಕತ್ತರಿಸಿದವರು, ಅಂಚೆಪೆಟ್ಟಿಗೆ ಸುಟ್ಟವರು ಯಾವ ನಾಯಕರ ಅಪ್ಪಣೆಗೂ ಕಾಯಲಿಲ್ಲ.

ಶಿಕಾರಿಪುರದ ಈಸೂರನ್ನೇ ನೋಡಿ. ಊರವರು ತಮ್ಮದೇ ಸರ್ಕಾರ ಎಂದು ಸಾರಿ ಇಬ್ಬರು ಹುಡುಗರನ್ನು ಅಮಲ್ದಾರ (ತಾಲ್ಲೂಕಿನ ಕಂದಾಯಾಧಿಕಾರಿ), ಸಬ್‌ಇನ್‌ಸ್ಪೆಕ್ಟರ್ ಮಾಡಿದರು. ಚಿಕ್ಕ ವಯಸ್ಸಿನವರನ್ನು ಜೈಲಿಗೆ ಹಾಕಲಾರರು ಎಂಬ ಲೆಕ್ಕಾಚಾರ. ನಿಜವಾದ ಅಮಲ್ದಾರ ಪೊಲೀಸರೊಂದಿಗೆ ಬಂದಾಗ ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಊರವರು ಒತ್ತಾಯಿಸಿದರು. ಜಟಾಪಟಿ ಕೈಮೀರಿ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಇಬ್ಬರೂ ಸತ್ತರು. 1943ರ ಮಾರ್ಚ್‌ನಲ್ಲಿ ಐವರಿಗೆ ಗಲ್ಲಾಯಿತು. ಹಿಂಸೆಯ ಬೆಲೆ ಇದು, ಒಪ್ಪುತ್ತೇನೆ. ಆದರೆ ಟೋಪಿಯನ್ನೂ ಕೊಲೆಯನ್ನೂ ಒಂದೇ ಊರು ಒಂದೇ ದಿನ ಕಂಡಿತು. ಇದರಲ್ಲಿ ಯಾವುದು ಗಾಂಧಿಯ ಪಾಲು, ಯಾವುದಲ್ಲ?

ಇನ್ನು ಅಹಿಂಸೆಯ ಶಿಸ್ತು ಚಳವಳಿಗೇ ಲಗಾಮು ಆದದ್ದೂ ಉಂಟು. 1922ರಲ್ಲಿ ಚೌರಿಚೌರಾ ಎಂಬ ಒಂದೇ ಕಡೆ ಠಾಣೆಗೆ ಬೆಂಕಿ ಬಿದ್ದು ಪೊಲೀಸರು ಸತ್ತರೆಂದು ದೇಶದ ಅಸಹಕಾರವನ್ನೇ ನಿಲ್ಲಿಸಲಾಯಿತು. ಜೈಲಿನಲ್ಲಿದ್ದ ಹಿರಿಯರೇ ಸಿಡಿಮಿಡಿಗೊಂಡರು. 1946ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ನೌಕಾಪಡೆಯವರೇ ದಂಗೆ ಎದ್ದಾಗ, ಶರಣಾಗಿ ಎಂದು ಹೇಳಿದವರೂ ನಾಯಕರೇ. ಆದರೆ ಸೈನಿಕರ ನಿಷ್ಠೆಯೇ ಅಲುಗಿದ ಮೇಲೆ ಬ್ರಿಟಿಷರು ಎಷ್ಟು ದಿನ ಕೂರುತ್ತಿದ್ದರು?

ಕರ್ನಾಟಕದಿಂದ ದಂಡಿಗೆ ನಡೆದವರು ಒಬ್ಬರೇ, ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಪರ ಪಕ್ಷದವರು ಅವರ ಹೆಸರನ್ನು ಆ 78 ಜನರ ಪಟ್ಟಿಯಲ್ಲಿ ಓದಿ ಅಲ್ಲಿಗೇ ನಿಲ್ಲುತ್ತಾರೆ. 1943ರ ಏಪ್ರಿಲ್ 1ರಂದು, ಹೊಸರಿತ್ತಿಯ ಕಂದಾಯದ ಖಜಾನೆಗೆ ನುಗ್ಗಿದಾಗ, ಪೊಲೀಸರ ಗುಂಡಿಗೆ ಬಿದ್ದವರೂ ಇದೇ ಮಹಾದೇವಪ್ಪ.