ಕರಾವಳಿಯಲ್ಲಿ ಜಲ್ಲಿಗೇನು ಬರ!

ಇಟಲಿಯ ಟಸ್ಕನಿ ಕಡೆ ಹಳ್ಳಿ ಹಳ್ಳಿಗಳ ನಡುವೆ ಬಿಳಿ ಜಲ್ಲಿಯ ಹಳೆ ರಸ್ತೆಗಳಿವೆ. ಅವಕ್ಕೆ ಡಾಮರು ಬಳಿದುಬಿಟ್ಟಾರು ಅಂತ ಅಲ್ಲಿನವರಿಗೆ ಹೆದರಿಕೆ. ಆ ರಸ್ತೆಗಳನ್ನು ಉಳಿಸಬೇಕು ಅಂತ 1997ರಲ್ಲಿ ಕೆಲವರು ಹಳೆ ಸೈಕಲ್ ಏರಿ ಸವಾರಿ ಹೊರಟರು. 'ಲೆರೋಯಿಕಾ' ಅಂತ ಅದಕ್ಕೆ ಹೆಸರು. 2007ರಿಂದ ಅದೇ ಬಿಳಿ ರಸ್ತೆಗಳ ಮೇಲೆ ವೃತ್ತಿಪರರ ರೇಸ್ ಕೂಡ ನಡೆಯುತ್ತಿದೆ. ಡಾಮರು ಬೇಡ ಅಂತ ಜನ ಹೋರಾಡುವುದು! ನಮ್ಮೂರಿನವರಿಗೆ ಹೇಳಿದರೆ "ಅವರಿಗೆ ಬೇರೆ ಕೆಲಸ ಇಲ್ವಾ ಮಾರಾಯ್ರೆ" ಅಂದಾರು.

ಆದರೆ ಇಟಲಿಯವರು ಇಷ್ಟೆಲ್ಲ ಕಷ್ಟಪಟ್ಟು ಉಳಿಸಿಕೊಂಡಿದ್ದನ್ನು ನಮ್ಮ ಕರಾವಳಿಯ ಇಲಾಖೆಗಳು ಒಂದು ಮೆರವಣಿಗೆ ಇಲ್ಲದೆ, ಒಂದು ಧರಣಿ ಇಲ್ಲದೆ ಉಳಿಸಿವೆ. ಉಳಿಸಿದ್ದಷ್ಟೇ ಅಲ್ಲ, ವರ್ಷ ವರ್ಷ ಬೆಳೆಸಿವೆ. ಇದನ್ನು ಯಾರೂ ಗುರುತಿಸಿಲ್ಲ ಅನ್ನೋದೇ ನನ್ನ ಬೇಜಾರು.

ಈಗ ಲೋಕಕ್ಕೆಲ್ಲ ಗ್ರಾವೆಲ್ ಬೈಕಿಂಗ್, ಅಂದರೆ ಜಲ್ಲಿ ರಸ್ತೆಯಲ್ಲಿ ಸೈಕಲ್ ತುಳಿಯುವ ಹುಚ್ಚು. ಅಮೆರಿಕದ ಕಾನ್ಸಾಸ್‌ನಲ್ಲಿ ಜಲ್ಲಿ ರಸ್ತೆಯ ಮೇಲೆ ಸುಮಾರು 320 ಕಿಲೋಮೀಟರ್ ತುಳಿಯುವ ರೇಸ್ ಇದೆ, 2006ರಿಂದ ನಡೆಯುತ್ತಿದೆ. 2022ರಲ್ಲಿ ಇಟಲಿಯ ವೆನೆತೊದಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕೂಡ ಆಯಿತು. ಇದಕ್ಕೆಂದೇ ಬೇರೆ ಸೈಕಲ್ ಬರುತ್ತದೆ. ಹ್ಯಾಂಡಲ್ ಟಗರಿನ ಕೊಂಬಿನ ಹಾಗೆ ಬಗ್ಗಿರುತ್ತದೆ. ಟೈರು ನಾಲ್ಕು ಸೆಂಟಿಮೀಟರಿನಷ್ಟು ಅಗಲ. ಎಷ್ಟೋ ಸೈಕಲ್‌ಗಳಲ್ಲಿ ಒಳಗೆ ಟ್ಯೂಬೇ ಇಲ್ಲ. ಗಾಳಿಯನ್ನೂ ಬೇಕಂತಲೇ ಕಮ್ಮಿ ತುಂಬಿಸುತ್ತಾರೆ, ಕಲ್ಲಿನ ಮೇಲೆ ಹಾರದಿರಲಿ ಅಂತ. ಬೆಲೆ ಲಕ್ಷ ದಾಟುವುದು ಸಾಮಾನ್ಯ. ಇಂಥ ಸೈಕಲನ್ನು ಕಾರಿನ ಹಿಂದೆ ಕಟ್ಟಿಕೊಂಡು, ಎರಡು ಟೋಲ್ ಕೊಟ್ಟು, ವಾಹನವೇ ಇಲ್ಲದ ಜಲ್ಲಿ ರಸ್ತೆ ಎಲ್ಲಿದೆ ಅಂತ ಹುಡುಕಿಕೊಂಡು ಬರುವವರು ಶುರುವಾಗಿದ್ದಾರೆ.

ಬನ್ನಿ ಸ್ವಾಮಿ. ನಮ್ಮಲ್ಲಿ ಯಾವ ಸೈಜಿನದು ಬೇಕು?

ಒಂದೂವರೆ ಇಂಚಿನ ಜಲ್ಲಿ ಬೇಕಾದರೆ ಗುದ್ದಲಿ ಪೂಜೆಯಾಗಿ ಮರುದಿನವೇ ಕೆಲಸ ನಿಂತ ಪಂಚಾಯತ್ ರಸ್ತೆಗೆ ಬನ್ನಿ. ಟಿಪ್ಪರ್ ಸುರಿದು ಹೋದ ರಾಶಿ ಹಾಗೇ ಇರುತ್ತದೆ, ಮೇಲೆ ಹುಲ್ಲು ಬಂದಿರುತ್ತದೆ. ಮುಕ್ಕಾಲು ಇಂಚು ಬೇಕಾದರೆ ಹೋದ ವರ್ಷ ಡಾಮರು ಕಂಡ ರಸ್ತೆ. ಬೇಬಿ ಜಲ್ಲಿ ಸಾಕು, ಹೊಸಬ ನಾನು ಅಂತೀರಾ? ಹೊಂಡಕ್ಕೆ ತೇಪೆ ಹಾಕಿದ ಜಾಗಕ್ಕೆ ಹೋಗಿ. ಎರಡು ಮಳೆಗೆ ತೇಪೆ ಎದ್ದು ಬೇಬಿ ಜಲ್ಲಿಯೆಲ್ಲ ತಿರುವಿನಲ್ಲಿ ಹರಡಿ ಕೂತಿರುತ್ತದೆ. ಬ್ರೇಕ್ ಹಿಡಿದರೆ ಸಾಕು, ವಿಶ್ವ ಚಾಂಪಿಯನ್‌ಷಿಪ್ಪೇ. ಬೇಸಿಗೆಯಲ್ಲಿ ಜಲ್ಲಿ ಹುಡಿ ಬೇರೆ ಉಚಿತ. ಮನೆಗೆ ಹೋಗಿ ಸೀನಿದಾಗ ಗೊತ್ತಾಗುತ್ತದೆ.

ಇಷ್ಟು ಒಳ್ಳೆ ಜಲ್ಲಿ ರಸ್ತೆ ತಯಾರಾಗುವುದು ಹೇಗೆ ಅಂತ ಕೇಳಬಹುದು. ಅದರ ಹಿಂದೆ ದೊಡ್ಡ ವಿಜ್ಞಾನವೇ ಇದೆ. ಡಾಮರಿಗೆ ನೀರು ಕಂಡರಾಗದು. ಬಿರುಕಿನೊಳಗೆ ನೀರಿಳಿದರೆ ಜಲ್ಲಿಗೂ ಡಾಮರಿಗೂ ಇರುವ ಹಿಡಿತ ಬಿಡುತ್ತದೆ, ಮೇಲಿಂದ ಚಕ್ರ ಹೋದಾಗ ಕಲ್ಲು ಒಂದೊಂದೇ ಏಳುತ್ತದೆ. ನೀರು ನಿಲ್ಲಬಾರದು ಅಂತಲೇ ರಸ್ತೆಗೆ ಚರಂಡಿ ಬೇಕು, ನಡುವೆ ಕೊಂಚ ಉಬ್ಬು ಬೇಕು. ಮಳೆಗಾಲದಲ್ಲೇ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರು ನಮ್ಮದು. ಇಲ್ಲಿ ಚರಂಡಿ ಇಲ್ಲದ ರಸ್ತೆಗೆ ಮೇ ಕೊನೆ ವಾರ, ಆಕಾಶ ಕಪ್ಪಾದ ಮೇಲೆ, ಅವಸರದಲ್ಲಿ ಡಾಮರು ಹಾಕುವುದಕ್ಕೆ ಎಂಥಾ ತಾಳ್ಮೆಯ ಯೋಜನೆ ಬೇಕು ಯೋಚಿಸಿ. ಜೂನ್‌ನಲ್ಲಿ ಮಳೆ ತನ್ನ ಪಾಲಿನ ಕೆಲಸ ಮುಗಿಸುತ್ತದೆ. ಅದಕ್ಕೆ ಟೆಂಡರ್ ಇಲ್ಲ, ಕಮಿಷನ್ನೂ ಇಲ್ಲ.

ಮಳೆಗೂ ಬಗ್ಗದ ಗಟ್ಟಿ ಕಾಂಕ್ರೀಟ್ ರಸ್ತೆಗಳು ಒಂದೆರಡು ಇರುತ್ತವೆ. ಅವಕ್ಕೂ ದಾರಿ ಉಂಟು. ಕಾಂಕ್ರೀಟ್ ಹಾಕಿ, ಟೇಪು ಕತ್ತರಿಸಿ, ಫ್ಲೆಕ್ಸ್ ಕಟ್ಟಿದ ಮೇಲೆ ಕುಡಿಯುವ ನೀರಿನ ಪೈಪಿನವರು ಬರುತ್ತಾರೆ. ಅಂಚಿನುದ್ದಕ್ಕೂ ಕತ್ತರಿಸಿ, ಪೈಪು ಮಲಗಿಸಿ, ಕೆಂಪು ಮಣ್ಣು ಎಳೆದು ಹೋಗುತ್ತಾರೆ. ಇವರು ಮೊದಲು ಬಂದು ಅವರು ಆಮೇಲೆ ಬಂದಿದ್ದರೆ ಆಗುತ್ತಿರಲಿಲ್ವಾ ಅಂತ ಕೇಳಬೇಡಿ. ಎರಡೂ ಬೇರೆ ಬೇರೆ ಇಲಾಖೆ. ಬೇರೆ ಬೇರೆ ಅನುದಾನ. ಇಬ್ಬರೂ ಒಂದೇ ಕಟ್ಟಡದಲ್ಲಿ ಕೂರುತ್ತಾರೆ ಅನ್ನುವುದು ಅಪ್ರಸ್ತುತ.

ಇನ್ನು 'ಟ್ರಾಫಿಕ್ ಫ್ರೀ' ಅನ್ನುವುದು. ವಿದೇಶದಲ್ಲಿ ಇದಕ್ಕೆ ಗೇಟು ಹಾಕಬೇಕು, ಬೋರ್ಡು ನಿಲ್ಲಿಸಬೇಕು. ನಮ್ಮಲ್ಲಿ ಅದೂ ತಾನಾಗಿ ಆಗುತ್ತದೆ. ಮೊದಲು ಬಸ್ಸಿನವರು ಅಶ್ವತ್ಥಕಟ್ಟೆಯ ಹತ್ತಿರವೇ ತಿರುಗಿಸಿಕೊಂಡು ಹೋಗಲು ಶುರು ಮಾಡುತ್ತಾರೆ. ಒಂದಷ್ಟು ದಿನ ರಿಕ್ಷಾದವರು ಡಬಲ್ ಬಾಡಿಗೆ ಕೇಳುತ್ತಾರೆ. ಆಮೇಲೆ ಅದನ್ನೂ ಕೇಳುವುದಿಲ್ಲ, ಊರಿನ ಹೆಸರು ಹೇಳಿದ ಕೂಡಲೇ "ಆ ಕಡೆ ಇಲ್ಲ" ಅಂತ ಮುಖ ತಿರುಗಿಸುತ್ತಾರೆ. ಗ್ಯಾಸ್ ಸಿಲಿಂಡರ್ ಮುಖ್ಯ ರಸ್ತೆಯಲ್ಲೇ ಇಳಿಯುತ್ತದೆ. ಹೆರಿಗೆ ನೋವು ಬಂದವರೂ ಮುಖ್ಯ ರಸ್ತೆಯವರೆಗೆ ಹೇಗಾದರೂ ಬರಬೇಕು. ಇದೆಲ್ಲ ಆದ ಮೇಲೆ ರಸ್ತೆ ಪೂರ್ತಿ ಖಾಲಿ. ಹಕ್ಕಿ ಕೂಗೂ ಕೇಳುತ್ತದೆ. ಒಂದೇ ಒಂದು ಎಚ್ಚರಿಕೆ, ಇದು ಹಗಲಿನ ಮಾತು. ರಾತ್ರಿ ಹನ್ನೊಂದರ ಮೇಲೆ ಮರಳು ಲಾರಿಗಳಿಗೆ ಇದೇ ರಸ್ತೆ ಬೇಕು. ಅವಕ್ಕೆ ಮಾತ್ರ ಯಾವ ಹೊಂಡವೂ ಅಡ್ಡಿಯಲ್ಲ.

ಹೊಳೆಬದಿ, ಗದ್ದೆಬದಿ ಬೇಡ, ದೊಡ್ಡ ಮಟ್ಟದ್ದೇ ಬೇಕು ಅನ್ನುವವರಿಗೆ ರಾಷ್ಟ್ರೀಯ ಹೆದ್ದಾರಿ 66 ಇದೆ. ಪನ್ವೇಲ್‌ನಿಂದ ಕನ್ಯಾಕುಮಾರಿಗೆ ಹೋಗುವ ಹೆದ್ದಾರಿ. ಅದರ ಮಗ್ಗುಲಿನ ಸರ್ವಿಸ್ ರಸ್ತೆಗಳು ಜಲ್ಲಿ ಪ್ರಿಯರ ಪುಣ್ಯಕ್ಷೇತ್ರ. ಎಲ್ಲೋ ಶುರುವಾಗುತ್ತವೆ, ನೂರು ಮೀಟರ್ ಹೋಗಿ ಒಂದು ಕರೆಂಟ್ ಕಂಬದ ಬುಡದಲ್ಲಿ ಮುಗಿಯುತ್ತವೆ. ಕಂಬ ತೆಗೆಯಬೇಕಾದವರು ಮತ್ತೊಂದು ಇಲಾಖೆ. ಪಂಪ್‌ವೆಲ್ ಮೇಲ್ಸೇತುವೆಯನ್ನೇ ನೆನಪು ಮಾಡಿಕೊಳ್ಳಿ. 2020ರ ಜನವರಿ ಕೊನೆಗೆ ಉದ್ಘಾಟನೆ ಆಗುವವರೆಗೆ ಮಂಗಳೂರಿನವರು ಅದರ ಬುಡದಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಇಟಲಿಯವರು ಬಂದು ನಮ್ಮ ಹತ್ತಿರ ಕೋಚಿಂಗ್ ತಗೊಳ್ಳಬೇಕಷ್ಟೆ.

ಹಾಗೆ ನೋಡಿದರೆ ರಾಜ್ಯದ ಮೊದಲ ಗ್ರಾವೆಲ್ ಬೈಕರ್‌ಗಳು ಎಂಟನೇ ಕ್ಲಾಸಿನ ಮಕ್ಕಳು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಹಿಂದೆ ಕ್ಯಾರಿಯರ್, ಅದರಲ್ಲಿ ಚೀಲ, ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ. ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಜಲ್ಲಿ ದಾಟಿ ಹೈಸ್ಕೂಲ್ ಮುಟ್ಟುತ್ತಿದ್ದರು. ಅಗಲ ಟೈರೂ ಇಲ್ಲ, ಹೆಲ್ಮೆಟ್ಟೂ ಇಲ್ಲ, ಗೆದ್ದರೆ ಮೆಡಲ್ಲೂ ಇಲ್ಲ. ತಡವಾದರೆ ಹೊರಗೆ ನಿಲ್ಲಬೇಕಿತ್ತು.

ಗೂಡಂಗಡಿಯ ಮುಂದೆ ಆ ಲಕ್ಷದ ಸೈಕಲ್‌ನ ಸವಾರರು ನಿಂತಾಗ ನಡೆಯುವ ಮಾತು ಕೇಳಲು ಮಜಾ. ಮೈಗೆ ಅಂಟಿದ ಬಟ್ಟೆ, ಕಪ್ಪು ಕನ್ನಡಕ, ಎರಡು ಬೊಂಡ ಕುಡಿದಾಗಿದೆ. "ಅಮ್ಮಾ, ಈ ಜಲ್ಲಿ ರಸ್ತೆ ಇನ್ನೂ ಎಷ್ಟು ದೂರ ಇದೆ?" ಪಾಪ, ಅಂಗಡಿಯಾಕೆಗೆ ಕರುಳು ಚುರುಕ್ ಅನ್ನುತ್ತದೆ. "ಇನ್ನು ಎರಡೇ ಕಿಲೋಮೀಟರ್ ಮಗಾ, ಮತ್ತೆ ಒಳ್ಳೆ ಡಾಮರು ಉಂಟು." ಸವಾರನ ಮುಖ ಬಾಡುತ್ತದೆ. "ಛೇ, ಅಷ್ಟೇನಾ?" ಆಕೆ ಬೊಂಡದ ದುಡ್ಡು ಎಣಿಸುವುದನ್ನು ಬಿಟ್ಟು ಅವನನ್ನೇ ನೋಡುತ್ತಾಳೆ. ಇಪ್ಪತ್ತು ವರ್ಷದಿಂದ ಆ ಎರಡು ಕಿಲೋಮೀಟರ್‌ಗಾಗಿ ಅರ್ಜಿ ಕೊಟ್ಟು ಕೊಟ್ಟು ಬೇಸತ್ತವಳು.

ಮುಂದಿನ ಗ್ರಾಮಸಭೆ ಹೇಗಿರುತ್ತದೆ ಅಂತ ಈಗಲೇ ಹೇಳಬಲ್ಲೆ. ಊರಿನವರು ಎಂದಿನಂತೆ ಡಾಮರು ಕೇಳುತ್ತಾರೆ, ಇಲ್ಲದಿದ್ದರೆ ಮತದಾನ ಬಹಿಷ್ಕಾರ ಅಂತ ಬ್ಯಾನರ್ ತೋರಿಸುತ್ತಾರೆ. ಆಗ ಇಂಜಿನಿಯರ್ ಸಾಹೇಬರು ಎದ್ದು ಗಂಟಲು ಸರಿಮಾಡಿಕೊಂಡು, "ನೋಡಿ, ಸಾರ್ವಜನಿಕರಲ್ಲೇ ಎರಡು ಅಭಿಪ್ರಾಯ ಇದೆ. ಪ್ರವಾಸಿಗರಿಗೆ ಇದು ಹೀಗೇ ಇರಬೇಕಂತೆ. ಪರಿಸರಕ್ಕೂ ಒಳ್ಳೆಯದು" ಅನ್ನುತ್ತಾರೆ. ಹಿಂದಿನ ಬೆಂಚಿನಿಂದ ಯಾರೋ "ಹಾಗಾದ್ರೆ ಪ್ರವಾಸಿಗಳ ಹತ್ರವೇ ಓಟು ಹಾಕಿಸಿ" ಅನ್ನುತ್ತಾರೆ. ನಗು. ಆಮೇಲೆ ಚಹಾ. ಸಭೆ ಮುಗಿದ ಮೇಲೆ ಸಾಹೇಬರು ಆಫೀಸಿಗೆ ಹೋಗಿ ಆ ರಸ್ತೆಯ ಫೈಲ್ ತೆಗೆಯುತ್ತಾರೆ. 'ಕಾಮಗಾರಿ ಬಾಕಿ' ಅಂತ ಇದ್ದಲ್ಲಿ ಗೀಟು ಎಳೆದು 'ಸೈಕಲ್ ಪಥ, ಪೂರ್ಣಗೊಂಡಿದೆ' ಅಂತ ಬರೆಯುತ್ತಾರೆ. ಬಿಲ್ಲಿನ ಕಾಲಂ ತಿದ್ದುವ ಅಗತ್ಯವೇ ಬೀಳುವುದಿಲ್ಲ. ಅದು ಹೋದ ಮಾರ್ಚಿಗೇ ಪಾಸಾಗಿತ್ತು.