ಫುಕಟ್ ಸಾಫ್ಟ್‌ವೇರ್ ಅಂತ ಹೇಳಿ ಸತ್ತ ಕಂಪ್ಯೂಟರ್‌ದಾಗ ತುರಕಬ್ಯಾಡ್ರಿ

ಕಲಬುರಗಿಯ ನೆಹರೂ ಗಂಜಿನ ಅಡತ್ ಅಂಗಡಿ ಇರಲಿ, ಕಪನೂರಿನ ದಾಲ್ ಮಿಲ್ ಇರಲಿ, ಎಲ್ಲಾ ಕಡಿ ಇದೇ ಹಣೇಬರಹ. "ಸಾವ್ಕಾರ್ರೇ, ಪೂರಾ ಫುಕಟ್ ಅದ, ಲೈಸೆನ್ಸ್ ರೊಕ್ಕ ಕೊಡೋದೇ ಬ್ಯಾಡ" ಅಂತ ಹೇಳಿ, ಮೂಲ್ಯಾಗ ಧೂಳು ಹಿಡದು ಬಿದ್ದಿದ್ದ 4 ಜಿಬಿ ರ‍್ಯಾಮಿನ ಕಂಪ್ಯೂಟರ್‌ದಾಗ ಇಆರ್‌ಪಿನೆಕ್ಸ್ಟ್ (ಲೆಕ್ಕ, ದಾಸ್ತಾನು, ಬಿಲ್ ಎಲ್ಲಾ ನೋಡ್ಕೊಳ್ಳೋ ಸಾಫ್ಟ್‌ವೇರ್) ಹಾಕಿ, ಕೂಲಿ ಇಸ್ಕೊಂಡು ಹೋಗಿಬಿಡ್ತಾರ. ಜನವರಿದಾಗ ತೊಗರಿ ಬಂದು ಬೀಳೋ ಹೊತ್ತಿಗಿ ಸ್ಕ್ರೀನ್ ಮ್ಯಾಲ ಚಕ್ರ ತಿರುಗ್ತದ, ಲಾರಿ ಹೊರಗ ನಿಂತಿರ್ತದ. ಆಗ ಎಲ್ಲಾರೂ ಸಾಫ್ಟ್‌ವೇರಿಗಿ ಬೈತಾರ. ತಪ್ಪು ಅದರದಲ್ಲರಿ, ಹಾಕಿ ಹೋದವರದು!

"ಇಆರ್‌ಪಿನೆಕ್ಸ್ಟಿಗಿ 4 ಜಿಬಿ ಸಾಕು ಅಂತ ಬರದಾರಲ್ಲ" ಅಂತಾರ. ಅಷ್ಟರಾಗ ಬರೇ ಶುರು ಆಗ್ತದ. ಒಳಗ ಏನೇನು ಓಡ್ತದ ಎಣಿಸ್ರಿ: ಡೇಟಾ ಇಡೋ ಮರಿಯಾಡಿಬಿ, ತಾತ್ಕಾಲಿಕ ಮಾಹಿತಿ ಹಿಡಿಯೋ ರೆಡಿಸ್, ನೋಡ್ (ನೋಡ್.ಜೆಎಸ್ ಅನ್ನೋ ಪ್ರೋಗ್ರಾಮ್), ಮಂದಿ ಕೇಳಿದ ಕೆಲಸ ಮಾಡೋ ಗುನಿಕಾರ್ನ್ ವರ್ಕರ್‌ಗಳು, ಹಿನ್ನೆಲಿ ಕೆಲಸದ ವರ್ಕರ್‌ಗಳು, ಶೆಡ್ಯೂಲರ್. ಅದೇ ಮಷೀನಿನ ಮುಂದ ಗುಮಾಸ್ತ ಕ್ರೋಮ್‌ದಾಗ ಹತ್ತು ಟ್ಯಾಬ್ ತಗದು ಕುಂತಿರ್ತಾನ. ರ‍್ಯಾಮ್ ತೀರಿದ್ರ ಲಿನಕ್ಸ್ (ಕಂಪ್ಯೂಟರ್ ನಡಸೋ ಓಎಸ್) ತಾನೇ ಒಂದು ಪ್ರೋಸೆಸ್ (ಓಡ್ತಿರೋ ಪ್ರೋಗ್ರಾಮ್) ಕೊಲ್ತದ, ಭಾಳ ಸಲ ಹೆಚ್ಚು ಮೆಮೊರಿ ಹಿಡದ ಮರಿಯಾಡಿಬಿನೇ ಸಾಯ್ತದ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, 4 ಜಿಬಿ ಸ್ವಾಪ್ (ಮೆಮೊರಿ ತುಂಬಿದ್ರ ಬಳಸೋ ಡಿಸ್ಕಿನ ಜಾಗ) ಇಲ್ಲದ ಕೈ ಹಚ್ಚಲೇಬಾರ್ದು. ಮರಿಯಾಡಿಬಿಯ ಬಫರ್ ಪೂಲ್ (ಮೆಮೊರಿದಾಗ ಡೇಟಾ ಹಿಡಿಯೋ ಜಾಗ) ಮೊದಲಿಗಿ ಬರೇ 128 ಎಂಬಿ ಇರ್ತದ. ಅದಕ್ಕ 2 ಜಿಬಿ ಮಾಡ್ರಿ. ಇಲ್ಲಂದ್ರ ಡೇಟಾ ಬೆಳದಂಗ ಪ್ರತೀ ರಿಪೋರ್ಟಿಗೂ ಡಿಸ್ಕ್ ತಡಕಾಡ್ತದ.

ಓಡೂ ಅನ್ನೋ ಇಂಥದ್ದೇ ಇನ್ನೊಂದು ಸಾಫ್ಟ್‌ವೇರಿನ ಮೆಮೊರಿ ಲೆಕ್ಕ ಅದರ ಕೈಪಿಡಿಯೊಳಗೇ ಅದ, ಓದೋರಿಲ್ಲ. ಒಂದು ವರ್ಕರಿಗಿ ಸುಮಾರು 6 ಮಂದಿ. ಐದರಾಗ ನಾಕು ಪಾಲು ಕೆಲಸ ಹಗುರ, 150 ಎಂಬಿ. ಒಂದು ಪಾಲು ಭಾರ, 1 ಜಿಬಿ. ಸರಾಸರಿ ಒಂದಕ್ಕ 325 ಎಂಬಿ ಬರ್ತದ. 12 ಮಂದಿಗಿ ಎರಡು ವರ್ಕರ್, ಮ್ಯಾಲ ಒಂದು ಕ್ರಾನ್ (ಹೊತ್ತಿಗಿ ತಾನೇ ಓಡೋ ಕೆಲಸದ ವರ್ಕರ್), ಅಂದ್ರ ಸುಮಾರು 1 ಜಿಬಿ. ಅದರ ಡೇಟಾಬೇಸ್ ಪೋಸ್ಟ್‌ಗ್ರೆಸ್ ಬ್ಯಾರೆ, ಓಎಸ್ ಬ್ಯಾರೆ. ವಿಂಡೋಸ್‌ದಾಗ ಹಾಕಿದ್ರ ಈ ವರ್ಕರ್ ಸವಲತ್ತೇ ಇಲ್ಲ, ಎಲ್ಲಾರ ಕೆಲಸಾನೂ ಒಂದೇ ಪ್ರೋಸೆಸ್ ಹೊರಬೇಕು. ಇದು ಹಾಕೋರು ಯಾಕ ಮೊದಲೇ ಹೇಳಲ್ಲ?

ವರ್ಷನ್ನಿನ ಗೋಳು ಇನ್ನೊಂದು. ಇಆರ್‌ಪಿನೆಕ್ಸ್ಟ್ 15ಕ್ಕ ಪೈಥಾನ್ 3.10, ನೋಡ್ 18 ಬೇಕು. ಉಬುಂಟು ಅನ್ನೋ ಲಿನಕ್ಸಿನ 20.04ರಾಗ ಪೈಥಾನ್ 3.8 ಅದ, ಅಲ್ಲೇ ನಿಲ್ತದ. 22.04ರಾಗ ಪೈಥಾನ್ ಸರಿ ಅದ, ಆದ್ರ ಆಪ್ಟ್‌ದಿಂದ (ಉಬುಂಟುದಾಗ ಪ್ರೋಗ್ರಾಮ್ ಹಾಕೋ ಸಾಧನ) ಬರೋ ನೋಡ್ 12. ಅದು ಬಿಟ್ಟು 18 ಬ್ಯಾರೆ ಹಾಕ್ಬೇಕು.

ಇನ್ನ ತಕ್‌ಪಟ್ಟಿ (ಮಾಲು ಮಾರಿದ ರೈತಗ ಕೊಡೋ ಲೆಕ್ಕದ ಚೀಟಿ) ನೋಡ್ರಿ. ಚೀಲ, ಕ್ವಿಂಟಲ್, ದರ, ಹಮಾಲಿ ಎಲ್ಲಾ ಅಂಕಿ ನೀಟಾಗಿ ಬಂದಾವ. ರೈತನ ಹೆಸರು, ಊರು, ಮಾಲು ಇರೋ ಜಾಗದಾಗ ಬರೇ ಖಾಲಿ ಚೌಕ ಡಬ್ಬಿ! ಪಿಡಿಎಫ್ ತಯಾರಾಗೋದು ಸರ್ವರ್‌ದಾಗ, ಅಂದ್ರ ಸಾಫ್ಟ್‌ವೇರ್ ಓಡೋ ಮಷೀನಿನಾಗ. ಅಲ್ಲಿ ಕನ್ನಡ ಫಾಂಟ್ ಇಲ್ಲಂದ್ರ ನಿಮ್ಮ ಸ್ಕ್ರೀನ್‌ದಾಗ ಎಷ್ಟು ಚಂದ ಕಂಡ್ರೂ ಕಾಗದದ ಮ್ಯಾಲ ಡಬ್ಬಿನೇ. ಲೋಹಿತ್ ಇಲ್ಲಾ ನೋಟೋ ಕನ್ನಡ ಫಾಂಟ್ ಸರ್ವರಿಗಿ ಹಾಕೋದು ಐದು ನಿಮಿಷದ ಕೆಲಸ, ಅದೂ ಮಾಡಲ್ಲ. ತನ್ನ ಹೆಸರೇ ಇಲ್ಲದ ಪಟ್ಟಿ ಹಿಡ್ಕೊಂಡು ರೈತ ಎಲ್ಲಿಗಿ ಹೋಗ್ಬೇಕ್ರಿ? ಬಿಲ್ಲಿನ ಮ್ಯಾಲಿನ ತಲೆಬರಹ, ಕೆಳಗಿನ ಪುಟಸಂಖ್ಯೆ ಮಾಯ ಆಗಿದ್ರ ಪಿಡಿಎಫ್ ಮಾಡೋ ಪ್ರೋಗ್ರಾಮ್ ಆಪ್ಟ್‌ದಿಂದ ಬಂದದ್ದು ಅಂತ ತಿಳೀರಿ. ಪ್ಯಾಚ್ ಮಾಡಿದ, ಅಂದ್ರ ತಿದ್ದಿದ, ಕ್ಯೂಟಿ (ಅದರೊಳಗ ಪುಟ ಮೂಡಿಸೋ ಭಾಗ) ಇರೋ ಪ್ರೋಗ್ರಾಮೇ ಬೇಕು.

ಕರೆಂಟ್ ನಂಬಬ್ಯಾಡ್ರಿ, ಸರ್ವರಿಗಿ ಯುಪಿಎಸ್ ಬೇಕು. ಬ್ಯಾಕಪ್ಪಂತೂ ಅದೇ ಡಿಸ್ಕಿನಾಗ ಬೀಳ್ತದ, ಡಿಸ್ಕ್ ಹೋದ್ರ ಅದೂ ಹೋಯ್ತು. ಫೈಲ್ ಸಮೇತ ತಗೀರಿ, ಇಆರ್‌ಪಿನೆಕ್ಸ್ಟಿನ ಸೈಟ್ ಕಾನ್ಫಿಗ್ (ಸೆಟ್ಟಿಂಗ್) ಫೈಲೂ ಜೋಡಿ ಇಡ್ರಿ, ಅದರಾಗಿನ ಕೀ ಇಲ್ಲಂದ್ರ ಉಳಿಸಿಟ್ಟ ಪಾಸ್‌ವರ್ಡ್ ತೆರಿಯಲ್ಲ. ತಿಂಗಳಿಗೊಮ್ಮಿ ಬ್ಯಾರೆ ಕಂಪ್ಯೂಟರ್‌ದಾಗ ರೀಸ್ಟೋರ್ ಮಾಡಿ, ಹಿಂದಿನ ದಿನದ ಕಡೀ ಬಿಲ್ ಕಾಣ್ತದೋ ಇಲ್ಲೋ ನೋಡ್ರಿ. ಹಾಕೋಕ ಬಂದವರಿಗಿ ಇದು ಕಣ್ಮುಂದ ಮಾಡಿ ತೋರಿಸು ಅನ್ರಿ, ತೋರ್ಸೋತನ ರೊಕ್ಕ ಕೊಡಬ್ಯಾಡ್ರಿ.